ಆರು ಟೇಬಲ್, ಎರಡು ಕೈ: ಹುಬ್ಬಳ್ಳಿಯ ಫೈನ್ ಡೈನಿಂಗ್‌ನಲ್ಲಿ ಸ್ಟೀವರ್ಡ್, ಅಂದರೆ ಬಡಿಸುವ ಕೆಲಸಕ್ಕೆ ಸೇರುವವರಿಗೆ

ಗದಗದ ಒಂದು ಖಾನಾವಳಿಯಲ್ಲಿ ನಾನು ಮೂರು ವರ್ಷ ಬಡಿಸಿದ್ದೇನೆ. ಖಾನಾವಳಿ ನಡೆಸುತ್ತಿದ್ದ ಅಕ್ಕಾರು ಮೊದಲ ದಿನವೇ ಒಂದು ಮಾತು ಹೇಳಿದರು: "ತಮ್ಮಾ, ಉಣ್ಣೋರ ಮಾರಿ ನೋಡಬ್ಯಾಡ, ತಾಟ ನೋಡು." ಕರೆಸಿಕೊಂಡ ಮೇಲೆ ಹೋಗಿ ಬಡಿಸಿದರೆ ಅವರಿಗೆ ಸಿಟ್ಟು. ರೊಟ್ಟಿಯ ಕೊನೆಯ ತುಣುಕು ತಾಟಿನಲ್ಲಿ ಇರುವಾಗಲೇ ಮುಂದಿನ ರೊಟ್ಟಿ ಬೀಳಬೇಕು, ಪಲ್ಲೆ ಮುಗಿಯುವ ಮೊದಲೇ ಸವಟು ಬರಬೇಕು.

ಆಮೇಲೆ ಹುಬ್ಬಳ್ಳಿಗೆ ಬಂದು ಫೈನ್ ಡೈನಿಂಗ್ ಸೇರಿದಾಗ ಕಪ್ಪು ವೇಸ್ಟ್‌ಕೋಟು, ಇಂಗ್ಲಿಷ್ ಮೆನು, ನಾಲ್ಕು ತರದ ಗ್ಲಾಸು ನೋಡಿ ಇದೆಲ್ಲ ಬೇರೆಯದೇ ಲೋಕ ಎಂದುಕೊಂಡಿದ್ದೆ. ಒಂದು ವರ್ಷ ಕಳೆದ ಮೇಲೆ ಗೊತ್ತಾಯಿತು, ಇಲ್ಲಿ ಬೇಕಾದದ್ದೂ ಅದೇ ಕಣ್ಣು. ಬದಲಾಗಬೇಕಾದದ್ದು ನಾಲಿಗೆ. "ಇನ್ನೊಂದು ಹಾಕ್ಲ್ಯಾ ರೀ? ಹಾಕಿಸಿಕೊಳ್ರಿ, ಏನಾಗೂದಿಲ್ಲ" ಎನ್ನುವ ಒತ್ತಾಯ ಖಾನಾವಳಿಯಲ್ಲಿ ಪ್ರೀತಿ. ಮೆದುವಾಗಿ ಮಾತಾಡುತ್ತ ಕೂತ ಗಂಡಹೆಂಡತಿಯ ಟೇಬಲ್ಲಿನಲ್ಲಿ ಅದೇ ಮಾತು ಅಡ್ಡಿ. ಕಣ್ಣು ಖಾನಾವಳಿಯದೇ ಇರಲಿ, ಬಾಯಿ ಮಾತ್ರ ಸಂಯಮ ಕಲಿಯಲಿ. ಕೆಳಗೆ ಬರೆದದ್ದೆಲ್ಲ ಈ ಒಂದು ಮಾತಿನ ವಿಸ್ತಾರವೇ. ಮುಂಡರಗಿ, ರೋಣ, ಸವಣೂರು, ಕುಂದಗೋಳದ ಕಡೆಯಿಂದ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ.

ಬಾಗಿಲು ತೆರೆಯುವ ಮೊದಲು

ರಾತ್ರಿ 8 ಗಂಟೆಗೆ ನೀವು ಓಡಾಡಿ ಸುಸ್ತಾಗುತ್ತಿದ್ದರೆ ತಪ್ಪು ಸಂಜೆ 6 ಗಂಟೆಗೇ ಆಗಿದೆ ಎಂದರ್ಥ. ತಯಾರಿ ಸರಿ ಇದ್ದವನು ರಶ್ಶಿನಲ್ಲಿ ಓಡುವುದಿಲ್ಲ, ಬೇಗ ನಡೆಯುತ್ತಾನೆ, ಅಷ್ಟೆ.

ಮೊದಲು ನಿಮ್ಮ ಸೈಡ್ ಸ್ಟೇಷನ್. ಗೋಡೆಯ ಪಕ್ಕದ ಆ ಸಣ್ಣ ಕಪಾಟೇ ರಾತ್ರಿಯಿಡೀ ನಿಮ್ಮ ಮನೆ. ಚಮಚ, ಫೋರ್ಕ್, ನೈಫ್, ಕ್ವಾರ್ಟರ್ ಪ್ಲೇಟ್, ಮಡಚಿದ ನ್ಯಾಪ್ಕಿನ್, ನೀರಿನ ಜಗ್ಗು, ಉಪ್ಪು ಮೆಣಸಿನ ಡಬ್ಬಿ, ಟೂತ್‌ಪಿಕ್, ಒಂದು ಹೆಚ್ಚಿನ ಪೆನ್ನು. ನಿಮ್ಮ ಪಾಲಿನ ಟೇಬಲ್ಲುಗಳಿರುವ ಸೆಕ್ಷನ್ನಿನಲ್ಲಿ 24 ಕುರ್ಚಿ ಇದ್ದರೆ ಕನಿಷ್ಠ 36 ಸೆಟ್ ಕಟ್ಲರಿ ಅಲ್ಲಿರಲಿ. ನಡುವೆ ಒಂದು ಚಮಚಕ್ಕಾಗಿ ಡಿಶ್‌ವಾಶ್‌ಗೆ ಓಡಿದರೆ ಎರಡು ಟೇಬಲ್ ಕೈತಪ್ಪುತ್ತವೆ.

ಗ್ಲಾಸು ಒರೆಸುವುದಕ್ಕೂ ಕ್ರಮವಿದೆ. ಬಿಸಿನೀರಿನ ಹಬೆಗೆ ಗ್ಲಾಸು ಹಿಡಿದು, ನೂಲು ಬಿಡದ ಬಟ್ಟೆಯಿಂದ ಒರೆಸಿ, ದೀಪದ ಎದುರು ಹಿಡಿದು ನೋಡಿ. ಲಿಪ್‌ಸ್ಟಿಕ್ ಕಲೆ ಅಂಚಿನಲ್ಲೇ ಉಳಿಯುವುದು. ಕಟ್ಲರಿಗೆ ಬಿಸಿನೀರಿನಲ್ಲಿ ಸ್ವಲ್ಪ ವಿನೆಗರ್ ಸಾಕು. ಒರೆಸಿದ ಮೇಲೆ ಗ್ಲಾಸನ್ನು ಬುಡದಲ್ಲಿ, ಚಮಚವನ್ನು ಹಿಡಿಕೆಯಲ್ಲಿ ಮಾತ್ರ ಮುಟ್ಟಿ. ಬಾಯಿ ಹಚ್ಚುವ ಜಾಗಕ್ಕೆ ಬೆರಳು ಹೋಗುವುದನ್ನು ಅತಿಥಿ ಒಮ್ಮೆ ನೋಡಿದರೆ ಸಾಕು, ಆಮೇಲೆ ಎಷ್ಟು ನಕ್ಕರೂ ಪ್ರಯೋಜನವಿಲ್ಲ.

ಟೇಬಲ್ ಹಾಕುವಾಗ ಒಬ್ಬರಿಗೆ ಸುಮಾರು ಎರಡು ಅಡಿ ಅಗಲದ ಜಾಗ ಬಿಡಿ. ಫೋರ್ಕ್ ಎಡಕ್ಕೆ, ನೈಫ್ ಬಲಕ್ಕೆ, ಅದರ ಅಲಗು ಪ್ಲೇಟಿನ ಕಡೆ. ನೀರಿನ ಗ್ಲಾಸು ನೈಫಿನ ತುದಿಯ ಮೇಲ್ಭಾಗಕ್ಕೆ. ಪ್ರತಿ ಟೇಬಲ್ಲಿನ ಮೇಲೂ ಅಂಗೈ ಊರಿ ಅಲುಗಾಡಿಸಿ ನೋಡಿ, ಪ್ರತಿ ಕುರ್ಚಿಯಲ್ಲೂ ಒಮ್ಮೆ ಕೂತು ನೋಡಿ. ಎಸಿ ಗಾಳಿ ನೇರ ನೆತ್ತಿಗೆ ಬಡಿಯುವ ಕುರ್ಚಿ ಯಾವುದು ಎನ್ನುವುದು ಕೂತರೆ ಮಾತ್ರ ಗೊತ್ತಾಗುತ್ತದೆ. ಅಲ್ಲಿ ವಯಸ್ಸಾದವರನ್ನು ಕೂರಿಸಬಾರದು.

ಸರ್ವಿಸ್‌ಗೆ ಮೊದಲು ಎಲ್ಲರನ್ನೂ ಕೂಡಿಸಿ ಹೇಳುವ ಬ್ರೀಫಿಂಗ್‌ನಲ್ಲಿ ಮೂರು ವಿಷಯ ಬರೆದುಕೊಳ್ಳಿ: ಇವತ್ತು ಏನಿಲ್ಲ, ಯಾವುದು ಕಡಿಮೆ ಇದೆ, ಯಾವ ಟೇಬಲ್ ಎಷ್ಟು ಹೊತ್ತಿಗೆ ರಿಸರ್ವ್ ಆಗಿದೆ. ಆರ್ಡರ್ ತೆಗೆದುಕೊಂಡು ಹೋಗಿ, ಹತ್ತು ನಿಮಿಷದ ಮೇಲೆ ಬಂದು "ಅದು ಖಾಲಿ ಆಗೇತ್ರಿ" ಎನ್ನುವಷ್ಟು ಮುಜುಗರ ಈ ಕೆಲಸದಲ್ಲಿ ಬೇರೆ ಇಲ್ಲ.

ಮೆನು ಬಾಯಿಪಾಠ ಮಾಡಬೇಡಿ, ತಿಂದು ನೋಡಿ

ಹೆಸರು, ಬೆಲೆ ಎರಡು ದಿನದಲ್ಲಿ ಬಾಯಿಗೆ ಬರುತ್ತವೆ. ಅತಿಥಿ ಕೇಳುವುದು ಅದನ್ನಲ್ಲ. ಇದರಲ್ಲಿ ಏನೇನಿದೆ, ಎಷ್ಟು ಖಾರ, ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ಜನಕ್ಕೆ ಆಗುತ್ತದೆ. ಈ ನಾಲ್ಕಕ್ಕೆ ಉತ್ತರ ಅಡುಗೆಮನೆಯಲ್ಲಿದೆ. ಕುಕ್ಕುಗಳಿಗೆ ಬಿಡುವಿರುವ ಹೊತ್ತಿಗೆ ಹೋಗಿ ಕೇಳಿ. ದಿನಕ್ಕೆ ಎರಡು ಐಟಂ ಆದರೂ ಒಂದು ಚಮಚ ರುಚಿ ನೋಡಿ.

ಖಾರದ ವಿಷಯದಲ್ಲಿ ನಮ್ಮ ಕಡೆಯ ಒಂದು ತಿಳಿವಳಿಕೆ ತುಂಬ ಕೆಲಸಕ್ಕೆ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಗ್ರೇವಿ ಕಡುಗೆಂಪಾಗಿ ಕಾಣುತ್ತದೆ, ಖಾರ ಅಷ್ಟಿರುವುದಿಲ್ಲ. ಬ್ಯಾಡಗಿಯದೇ ಡಬ್ಬಿ ಎಂಬ ತಳಿಯಲ್ಲಂತೂ ಬಣ್ಣವೇ ಮುಂದೆ. ಬೆಂಗಳೂರಿನಿಂದಲೋ ಪುಣೆಯಿಂದಲೋ ಬಂದವರು ಪಕ್ಕದ ಟೇಬಲ್ಲಿನ ಕೆಂಪು ನೋಡಿ ಹೆದರುತ್ತಾರೆ. "ಬಣ್ಣ ಬ್ಯಾಡಗಿದು ರೀ, ಖಾರ ಮಧ್ಯಮ ಐತಿ" ಎಂದು ನೀವು ಹೇಳಬಲ್ಲಿರಿ. ಆದರೆ ಹಸಿಮೆಣಸಿನಕಾಯಿ ಅರೆದು ಹಾಕಿದ ಹಸಿರು ಗ್ರೇವಿ ತಣ್ಣಗೆ ಕಂಡು ನಾಲಿಗೆ ಸುಡುತ್ತದೆ. ಅದನ್ನೂ ಹೇಳಿ.

ಇಂಗ್ಲಿಷ್ ಮೆನು ಕೈಯಲ್ಲಿ ಹಿಡಿದು ಸುಮ್ಮನೆ ಕೂತ ಅಜ್ಜಿ ಅಥವಾ ಅಜ್ಜ ಪ್ರತಿ ಕುಟುಂಬದ ಟೇಬಲ್ಲಿನಲ್ಲೂ ಇರುತ್ತಾರೆ. ಮಕ್ಕಳು ಮೊಮ್ಮಕ್ಕಳು ತಮ್ಮದು ಹೇಳಿ ಮುಗಿಸಿರುತ್ತಾರೆ. ಸ್ವಲ್ಪ ಬಾಗಿ, "ಅಮ್ಮಾರ, ನಿಮಗ ಮೆತ್ತಗಿಂದು ಏನರ ಮಾಡಿಸ್ಲ್ಯಾ? ಬ್ಯಾಳಿ ಐತ್ರಿ, ಮೊಸರನ್ನ ಐತ್ರಿ" ಎಂದು ಕನ್ನಡದಲ್ಲಿ ಕೇಳಿ. ಆ ಟೇಬಲ್ ನಿಮ್ಮನ್ನು ಮರೆಯುವುದಿಲ್ಲ.

ಮೊದಲ ಎರಡು ನಿಮಿಷ

ಅತಿಥಿ ಕೂತ ಒಂದು ನಿಮಿಷದೊಳಗೆ ಯಾರಾದರೂ ಅವರನ್ನು ಮಾತಾಡಿಸಿರಬೇಕು. ನಿಮ್ಮ ಕೈ ತುಂಬಿದ್ದರೂ ಪರವಾಗಿಲ್ಲ, ಹೋಗುತ್ತ ಹೋಗುತ್ತಲೇ ಕಣ್ಣು ಕೂಡಿಸಿ "ನಮಸ್ಕಾರ್ರಿ, ಎರಡ ನಿಮಿಷದಾಗ ಬಂದೆ" ಎಂದರೆ ಅವರು ಹತ್ತು ನಿಮಿಷ ಕಾಯುತ್ತಾರೆ. ನೋಡಿಯೂ ನೋಡದ ಹಾಗೆ ದಾಟಿದರೆ ಮೂರೇ ನಿಮಿಷಕ್ಕೆ ಕೈ ಎತ್ತುತ್ತಾರೆ.

ನೀರು ಕೇಳುವಾಗ ಬಾಟಲಿಯ ಹೆಸರನ್ನೇ ಮುಂದೆ ಮಾಡಬೇಡಿ. ಸಾದಾ ನೀರೂ ಇದೆ ಎನ್ನುವುದನ್ನು ಹೇಳಿ, ಅವರು ಆರಿಸಲಿ.

ಇದೇ ಹೊತ್ತಿಗೆ ಟೇಬಲ್ಲನ್ನು ಓದಬೇಕು. ಧಾರವಾಡದ ಹೈಕೋರ್ಟ್ ಪೀಠಕ್ಕೆ ಬಂದ ವಕೀಲರು ಕಕ್ಷಿದಾರರ ಜೊತೆ ಕೂತಿದ್ದರೆ ಮಾತು ಮುಖ್ಯ, ಊಟ ನೆಪ. ನಡುನಡುವೆ ಹೋಗಿ "ಎಲ್ಲ ಚಲೋ ಐತೇನ್ರಿ" ಎನ್ನಬೇಡಿ. ಅಮರಗೋಳದ ಎಪಿಎಂಸಿ ವ್ಯಾಪಾರಿಗಳು ನಾಲ್ವರು ಬಂದರೆ ಸ್ಟಾರ್ಟರ್ ಬೇಗ ಬರಬೇಕು. ಮಗು ಇರುವ ಕುಟುಂಬಕ್ಕೆ ಮಗುವಿನ ಊಟ ಮೊದಲು, ಕೇಳಿಯೇ ಕೆಓಟಿ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ) ಹಾಕಿಬಿಡಿ. ಬಿಲ್ ಕೊಡುವ ಯಜಮಾನರು ಯಾರು ಎನ್ನುವುದೂ ಈ ಎರಡು ನಿಮಿಷದಲ್ಲೇ ಸಾಮಾನ್ಯವಾಗಿ ತಿಳಿಯುತ್ತದೆ: ಯಾರು ಬೇರೆಯವರಿಗೆ "ಏನ್ ತಗೋತೀರಿ?" ಎಂದು ಕೇಳುತ್ತಾರೋ ಅವರು.

ಆರ್ಡರ್: ಇಲ್ಲಿ ಅವಸರ ಮಾಡಿದವನು ಕೆಟ್ಟ

ಕುರ್ಚಿಗಳಿಗೆ ನಂಬರ್ ಇರಲಿ. ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿದ ಕುರ್ಚಿ 1, ಅಲ್ಲಿಂದ ಗಡಿಯಾರದ ಮುಳ್ಳು ತಿರುಗಿದ ಹಾಗೆ 2, 3, 4. ಯಾವ ಟೇಬಲ್ ಆದರೂ ಇದೇ ಲೆಕ್ಕ. ಆಗ ತಾಟು ಹಿಡಿದುಕೊಂಡು ನಿಂತು "ಸೂಪ್ ಯಾರಿಗ್ರಿ?" ಎಂದು ಹರಾಜು ಕೂಗುವ ಪ್ರಸಂಗ ಬರುವುದಿಲ್ಲ. ಬೇರೆ ಹುಡುಗ ನಿಮ್ಮ ಬದಲು ಒಯ್ದರೂ ಸರಿಯಾದ ಕುರ್ಚಿಗೇ ಇಡುತ್ತಾನೆ. ಬರೆದುಕೊಂಡ ಮೇಲೆ ಪೂರ್ತಿ ಓದಿ ಹೇಳಿ.

ಇನ್ನು ಊಟದ ಕಟ್ಟುನಿಟ್ಟುಗಳು. ಹುಬ್ಬಳ್ಳಿ ಧಾರವಾಡದಲ್ಲಿ ಇದನ್ನು ಅರಿಯದವನು ಸ್ಟೀವರ್ಡ್ ಆಗಲಾರ. ಜೈನರು ಈರುಳ್ಳಿ, ಬೆಳ್ಳುಳ್ಳಿ ಮಾತ್ರವಲ್ಲ, ಆಲೂಗಡ್ಡೆ, ಗಜ್ಜರಿ, ಮೂಲಂಗಿಯಂಥ ನೆಲದೊಳಗಿನದ್ದನ್ನೂ ಬಿಡುತ್ತಾರೆ. ಸೂರ್ಯ ಮುಳುಗಿದ ಮೇಲೆ ಉಣ್ಣದವರೂ ಇದ್ದಾರೆ. ಅಂಥವರು ಸಂಜೆ ಬೇಗನೆ ಬಂದರೆ ಅವರ ಕೆಓಟಿ ಎಲ್ಲಕ್ಕಿಂತ ಮುಂದೆ ಹೋಗಬೇಕು. ಹೆಚ್ಚಿನ ಅಡುಗೆಮನೆಗಳಲ್ಲಿ ಬೇಸ್ ಗ್ರೇವಿ ಮಧ್ಯಾಹ್ನವೇ ಈರುಳ್ಳಿ ಹಾಕಿ ತಯಾರಾಗಿರುತ್ತದೆ. ಆದ್ದರಿಂದ ಜೈನ್ ಆರ್ಡರ್‌ಗೆ ಬೇರೆ ಗ್ರೇವಿ ಕಟ್ಟಬೇಕು, ಹೊತ್ತು ಹೆಚ್ಚು ಹಿಡಿಯುತ್ತದೆ. ಮೊದಲೇ ಹೇಳಿಬಿಡಿ. ಶ್ರಾವಣದಲ್ಲಿ ಮಾಂಸ ತಿನ್ನುವವರೂ ಬಿಟ್ಟಿರುತ್ತಾರೆ, ಸೋಮವಾರ ಉಪವಾಸ ಇರುತ್ತಾರೆ. ಶುದ್ಧ ಸಸ್ಯಾಹಾರಿಗಳು ನಾನ್ ಹಿಟ್ಟಿಗೆ ತತ್ತಿ ಹಾಕುತ್ತೀರಾ, ತಂದೂರ್ ಎರಡಕ್ಕೂ ಒಂದೇನಾ ಎಂದು ಕೇಳುತ್ತಾರೆ. ಸಮಾಧಾನಕ್ಕೆ ಏನೋ ಒಂದು ಹೇಳಬೇಡಿ. ಒಳಗೆ ಹೋಗಿ ಕೇಳಿ, ಇದ್ದದ್ದನ್ನೇ ಹೇಳಿ.

ನನ್ನ ಜೀವನದ ದೊಡ್ಡ ತಪ್ಪು ಇಲ್ಲಿಯೇ ಆದದ್ದು. ಒಂದು ಶನಿವಾರ, ಆರೂ ಟೇಬಲ್ ತುಂಬಿದ್ದವು. ಒಬ್ಬ ತಾಯಿ ಕೇಳಿದರು, "ಇದರಾಗ ಶೇಂಗಾ ಐತೇನ್ರಿ? ನಮ್ಮ ಹುಡುಗಗ ಆಗೂದಿಲ್ಲ." ನಾನು ನಡೆಯುತ್ತಲೇ "ಇಲ್ರಿ" ಎಂದೆ. ಆ ಎಣ್ಣೆಗಾಯಿಯ ಮಸಾಲೆಯಲ್ಲಿ ಹುರಿದ ಶೇಂಗಾ ಪುಡಿ ಇತ್ತು. ಎರಡು ತುತ್ತಿಗೆ ಹುಡುಗನ ತುಟಿ ಊದಿತು, ಉಸಿರು ಕಟ್ಟತೊಡಗಿತು. ಆಸ್ಪತ್ರೆಗೆ ಒಯ್ದರು. ಹುಡುಗ ಉಳಿದ, ಮರುದಿನ ಮನೆಗೆ ಹೋದ. ಅವನ ತಾಯಿ ನನ್ನನ್ನು ಬೈಯಲಿಲ್ಲ. "ಗೊತ್ತಿಲ್ಲ ಅಂದಿದ್ದರ ಸಾಕಿತ್ತಲ್ಲಪ್ಪಾ" ಎಂದರು. ಇಷ್ಟು ವರ್ಷವಾದರೂ ಆ ಮಾತು ನನ್ನ ಕಿವಿಯಲ್ಲಿದೆ.

ನಮ್ಮ ಕಡೆ ಶೇಂಗಾ ಎಲ್ಲಿಲ್ಲ? ಹಿಂಡಿಯಲ್ಲಿ, ಎಣ್ಣೆಗಾಯಿಯಲ್ಲಿ, ಹೋಳಿಗೆಯಲ್ಲಿ, ಕೋಸಂಬರಿಯ ಮೇಲೆ, ಕರಿಯುವ ಎಣ್ಣೆಯಲ್ಲಿ. ಜೊತೆಗೆ ನಮ್ಮ ಜನ ಅಲರ್ಜಿ ಎನ್ನುವ ಶಬ್ದ ಬಳಸುವುದು ಕಡಿಮೆ. "ನಮಗ ಅದು ಆಗೂದಿಲ್ರಿ" ಎನ್ನುತ್ತಾರೆ. ಅದಕ್ಕೆ ರುಚಿಸುವುದಿಲ್ಲ ಎಂಬ ಅರ್ಥವೂ ಇದೆ, ವ್ರತ ಎಂಬ ಅರ್ಥವೂ ಇದೆ, ಪಿತ್ತ ಎಂಬ ಅರ್ಥವೂ ಇದೆ, ಜೀವಕ್ಕೆ ಅಪಾಯ ಎಂಬ ಅರ್ಥವೂ ಇದೆ. ಆ ಮಾತು ಕೇಳಿದ ಕೂಡಲೇ ನಿಂತುಬಿಡಿ. "ತಿಂದ್ರ ಏನಾಗತೈತ್ರಿ?" ಎಂದು ಕೇಳಿ. ಮೈ ಊದುತ್ತದೆ, ಉಸಿರಾಟಕ್ಕೆ ತೊಂದರೆ ಎಂದರೆ ಕೆಓಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು, ಸ್ವತಃ ಶೆಫ್ ಎದುರು ಹೋಗಿ ಬಾಯಿಂದಲೂ ಹೇಳಿ. ಬಾಣಲೆ, ಸವಟು ಬೇರೆ ಬೇಕು. ಶೆಫ್ ಆಗುವುದಿಲ್ಲ ಎಂದರೆ ಅತಿಥಿಗೆ ಹಾಗೆಯೇ ಹೇಳಿ, ಬೇರೆ ಐಟಂ ತೋರಿಸಿ.

ಅಡುಗೆಮನೆಯ ಗಡಿಯಾರ

ಆರೂ ಟೇಬಲ್ಲಿನ ಆರ್ಡರ್ ತೆಗೆದುಕೊಂಡು ಒಟ್ಟಿಗೆ ಒಳಗೆ ಹಾಕುವುದು ಹೊಸಬರ ಚಾಳಿ. ಹಾಗೆ ಮಾಡಿದರೆ ಇಪ್ಪತ್ತು ನಿಮಿಷ ಏನೂ ಬರುವುದಿಲ್ಲ, ಆಮೇಲೆ ಎಲ್ಲ ಒಮ್ಮೆಲೇ ಪಾಸ್ ಮೇಲೆ (ತಯಾರಾದ ಊಟ ತಂದಿಡುವ ಅಡುಗೆಮನೆಯ ಕಟ್ಟೆ) ಬಂದು ತಣ್ಣಗಾಗುತ್ತದೆ. ಒಂದು ಟೇಬಲ್ಲಿನ ಆರ್ಡರ್ ತೆಗೆದುಕೊಂಡ ಕೂಡಲೇ ಕೆಓಟಿ ಹಾಕಿ, ನಂತರ ಮುಂದಿನದಕ್ಕೆ ಹೋಗಿ.

ಸ್ಟಾರ್ಟರ್ ಅರ್ಧ ಖಾಲಿಯಾದಾಗ ಮೇನ್ ಕೋರ್ಸಿಗೆ ಒಳಗೆ ಹೇಳಬೇಕು. ಅಕ್ಕಾರ "ತಾಟ ನೋಡು" ಎನ್ನುವ ಮಾತು ಇಲ್ಲಿ ಅಕ್ಷರಶಃ ಕೆಲಸಕ್ಕೆ ಬರುತ್ತದೆ. ಪೂರ್ತಿ ಮುಗಿದ ಮೇಲೆ ಹೇಳಿದರೆ ಅವರು ಖಾಲಿ ಟೇಬಲ್ ನೋಡುತ್ತ ಕಾಯಬೇಕು. ಮೊದಲೇ ಹೇಳಿದರೆ ಗ್ರೇವಿಗೆ ಜಾಗವಿರುವುದಿಲ್ಲ.

ಶನಿವಾರ ರಾತ್ರಿ ಗಂಟಲು ಹಿಡಿಯುವುದು ಯಾವಾಗಲೂ ತಂದೂರ್. ಒಲೆಗಳು ನಾಲ್ಕೈದು ಇರಬಹುದು, ತಂದೂರ್ ಒಂದೋ ಎರಡೋ. ನಾನ್, ಕುಲ್ಚಾ, ಕಬಾಬ್ ಎಲ್ಲಕ್ಕೂ ಅದೇ ಬಾಯಿ. ಆದ್ದರಿಂದ ಗ್ರೇವಿ ಟೇಬಲ್ಲಿಗೆ ಬಂದ ಮೇಲೆ ನಾನ್ ಬರುವಂತೆ ಹೊಂದಿಸಿ, ಒಮ್ಮೆಗೆ ತಲೆಗೊಂದರಂತೆ ಮಾತ್ರ ತರಿಸಿ. ನಾಲ್ಕು ನಿಮಿಷ ಕಳೆದ ಬಟರ್ ನಾನ್ ಚರ್ಮದ ಹಾಗೆ ಎಳೆಯುತ್ತದೆ. ಜೋಳದ ರೊಟ್ಟಿಯೂ ಹಾಗೆಯೇ, ಬಿಸಿ ಇದ್ದಾಗ ಮಾತ್ರ ಅದಕ್ಕೆ ಮರ್ಯಾದೆ.

ಓಡಾಟಕ್ಕೆ ಒಂದು ನಿಯಮ ಸಾಕು: ಖಾಲಿ ಕೈಯಲ್ಲಿ ಒಳಗೂ ಹೋಗಬೇಡಿ, ಹೊರಗೂ ಬರಬೇಡಿ. ಒಳಗೆ ಹೋಗುವಾಗ ಖಾಲಿ ಗ್ಲಾಸು, ಹೊರಗೆ ಬರುವಾಗ ಯಾರದಾದರೂ ತಾಟು, ನಿಮ್ಮ ಟೇಬಲ್ಲಿನದಲ್ಲದಿದ್ದರೂ ಸರಿ. ಒಂದೇ ಹೊತ್ತಿಗೆ ನಾಲ್ಕು ಕೆಲಸ ಎದುರು ಬಂದರೆ ನಾನು ಹಿಡಿಯುವ ಕ್ರಮ ಇದು: ಪಾಸ್ ಮೇಲಿನ ಬಿಸಿ ಊಟ ಮೊದಲು, ಹೊಸ ಟೇಬಲ್ಲಿಗೆ ಒಂದು ಮಾತು ಎರಡನೆಯದು, ಬಿಲ್ ಕೇಳಿದವರು ಮೂರನೆಯದು, ತಾಟು ತೆಗೆಯುವುದು ಕೊನೆಗೆ. ಬಿಲ್ಲನ್ನು ಕೊನೆಗೆ ತಳ್ಳುವ ಕ್ಯಾಪ್ಟನ್‌ಗಳಿದ್ದಾರೆ (ಸ್ಟೀವರ್ಡ್‌ಗಳ ಮೇಲ್ವಿಚಾರಕರು), ನನಗೆ ಅದು ಒಪ್ಪುವುದಿಲ್ಲ. ಉಂಡು ಎದ್ದು ಹೋಗಬೇಕಾದವರನ್ನು ಕಾಯಿಸಿದರೆ ಅಲ್ಲಿಯವರೆಗಿನ ಊಟದ ಸುಖವೆಲ್ಲ ಕರಗುತ್ತದೆ.

ಇಡುವುದು, ಬಡಿಸುವುದು, ತೆಗೆಯುವುದು

ಒಳಗಿಂದಲೇ ಹಾಕಿಕೊಂಡು ಬಂದ ಪ್ಲೇಟು, ಪಾನೀಯ ಅತಿಥಿಯ ಬಲಗಡೆಯಿಂದ. ಬೌಲಿನಿಂದ ನೀವೇ ಬಡಿಸುವುದಾದರೆ ಎಡಗಡೆ ನಿಂತು, ಬೌಲು ಎಡಗೈಯಲ್ಲಿ, ಸವಟು ಬಲಗೈಯಲ್ಲಿ. ಎಡಗೈಯಿಂದ ಬಡಿಸುವುದು, ಎಡಗೈಯಿಂದ ಚಿಲ್ಲರೆ ಕೊಡುವುದು ನಮ್ಮ ಜನರ ಮನಸ್ಸಿಗೆ ಚುಚ್ಚುತ್ತದೆ.

ಟ್ರೇ ಎಡ ಅಂಗೈ ಮೇಲೆ, ಭಾರದ ವಸ್ತು ಮೈಯ ಕಡೆ, ಹಗುರಾದದ್ದು ಅಂಚಿಗೆ. ಗ್ಲಾಸು ತೆಗೆಯುವಾಗ ಒಂದೇ ಬದಿಯಿಂದ ತೆಗೆದರೆ ಟ್ರೇ ಮಗುಚುತ್ತದೆ. ಮನೆಯಲ್ಲಿ ನೀರು ತುಂಬಿದ ಸ್ಟೀಲ್ ಲೋಟ ಇಟ್ಟುಕೊಂಡು ಒಂದು ವಾರ ರೂಢಿ ಮಾಡಿ. ಸಹೋದ್ಯೋಗಿಯ ಬೆನ್ನ ಹಿಂದೆ ಹಾಯುವಾಗ "ಹಿಂದ, ಹಿಂದ" ಎನ್ನಿ. ಸಿಜ್ಲರ್ ಇಡುವ ಮೊದಲು "ಬಿಸಿ ಐತ್ರಿ, ಕೈ ತಗೀರಿ" ಎಂದು ಜೋರಾಗಿಯೇ ಹೇಳಿ, ಮಕ್ಕಳಿದ್ದರೆ ಅವರ ಕಡೆಯಿಂದ ಇಡಲೇಬೇಡಿ.

ತಾಟು ತೆಗೆಯುವ ವಿಷಯದಲ್ಲಿ ಪುಸ್ತಕದ ಮಾತಿಗೂ ನಮ್ಮ ಊರಿಗೂ ಹೊಂದುವುದಿಲ್ಲ. ಟೇಬಲ್ಲಿನ ಎಲ್ಲರೂ ಮುಗಿಸುವ ತನಕ ಯಾರ ತಾಟನ್ನೂ ತೆಗೆಯಬಾರದು ಎಂದು ತರಬೇತಿಯಲ್ಲಿ ಹೇಳುತ್ತಾರೆ. ನೈಫ್ ಫೋರ್ಕಿನ ಊಟಕ್ಕೆ ಅದು ಸರಿ. ಆದರೆ ಕೈಯಲ್ಲಿ ಉಂಡು ಮುಗಿಸಿದ ಹಿರಿಯರಿಗೆ ಎಂಜಲು ತಾಟನ್ನು ಎದುರಿಗಿಟ್ಟುಕೊಂಡು ಕೂರುವುದು ಹಿಂಸೆ. ಅವರು ಕೈಯನ್ನು ತಾಟಿನಿಂದ ಮೇಲೆ ಎತ್ತಿ ಹಿಡಿದು ಅತ್ತಿತ್ತ ನೋಡಿದರೆ ಅದೇ ಸೂಚನೆ. ಮೆಲ್ಲಗೆ "ತಗೀಲ್ಯಾ ರೀ?" ಎಂದು ಕೇಳಿ ತೆಗೆದು, ಅರ್ಧ ತುಂಬಿದ ಉಗುರುಬೆಚ್ಚನೆ ನೀರಿನ ಫಿಂಗರ್ ಬೌಲ್ ಇಡಿ, ಒಂದು ಹೋಳು ಲಿಂಬೆಹಣ್ಣಿನ ಜೊತೆ. ಬಚ್ಚಲಲ್ಲೇ ಕೈ ತೊಳೆಯುತ್ತೇನೆ ಎನ್ನುವವರಿಗೆ ದಾರಿ ತೋರಿಸಿ.

ಮದ್ಯ ಕೊಡುವ ಜಾಗವಾದರೆ ಅಳತೆ ಅತಿಥಿಯ ಕಣ್ಣೆದುರೇ ಆಗಲಿ: 30 ಎಂಎಲ್, 60 ಎಂಎಲ್. ವೈನ್ ಬಾಟಲಿ 750 ಎಂಎಲ್, 150ರಂತೆ ಐದು ಗ್ಲಾಸು. ಬಾಟಲಿಯ ಹೆಸರು ತೋರಿಸಿ, ಅವರು ಹೂಂ ಎಂದ ಮೇಲೇ ಮುಚ್ಚಳ ತೆಗೆಯಿರಿ. ದನಿ ಏರುತ್ತಿದೆ ಎನಿಸಿದರೆ ಕೇಳದಿದ್ದರೂ ನೀರು ಇಡಿ, ಕ್ಯಾಪ್ಟನ್‌ಗೆ ತಿಳಿಸಿ.

ಏನಾದರೂ ಕೆಟ್ಟಾಗ

ಉಪ್ಪು ಹೆಚ್ಚಾಗಿದೆ ಎಂದರೆ ಆ ಬೌಲು ತಕ್ಷಣ ಟೇಬಲ್ಲಿನಿಂದ ಎತ್ತಿ. "ಬ್ಯಾರೆ ಯಾರೂ ಹೇಳಿಲ್ರಿ" ಎನ್ನುವ ವಾದ ಬೇಡ. "ತಪ್ಪಾತ್ರಿ. ಹೊಸದು ಮಾಡಿಸಿ ತರ್ತೀನಿ, ಹನ್ನೆರಡು ನಿಮಿಷ ಹಿಡೀತೈತಿ" ಎನ್ನಿ. ಹನ್ನೆರಡು ಬೇಕಿದ್ದಾಗ ಐದು ಎಂದು ಹೇಳಬೇಡಿ. ಕ್ಯಾಪ್ಟನ್‌ಗೆ ಅತಿಥಿಗಿಂತ ಮೊದಲು ನೀವೇ ಹೇಳಿ.

ಬಿಲ್ಲು

ಬಿಲ್ ಒಯ್ಯುವ ಮುನ್ನ ಒಂದೊಂದು ಸಾಲೂ ಓದಿ. ಬಿಲ್ಲಿನ ಬಗ್ಗೆ ಅತಿಥಿಗಳು ಈಗ ಚೆನ್ನಾಗಿ ತಿಳಿದುಕೊಂಡಿರುತ್ತಾರೆ, ನಿಮಗೆ ಅವರಷ್ಟಾದರೂ ಗೊತ್ತಿರಬೇಕು. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಊಟಕ್ಕೆ ಜಿಎಸ್‌ಟಿ ಶೇ. 5, ಕೇಂದ್ರ ರಾಜ್ಯಗಳಿಗೆ ಎರಡೂವರೆಯಂತೆ. ದಿನಕ್ಕೆ 7,500 ರೂಪಾಯಿ ಮೀರಿದ ಬಾಡಿಗೆಯ ಕೋಣೆಗಳಿರುವ ಹೋಟೆಲಿನೊಳಗಿನ ರೆಸ್ಟೋರೆಂಟ್ ಆದರೆ ಶೇ. 18. ಮದ್ಯಕ್ಕೆ ಜಿಎಸ್‌ಟಿ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಬಿಲ್ಲಿನ ಮೇಲೆ ಇರಬೇಕು. ಸರ್ವಿಸ್ ಚಾರ್ಜ್ ಕಡ್ಡಾಯ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಅತಿಥಿ ಕೇಳಿದರೆ ಮುಖ ಸಣ್ಣದು ಮಾಡದೆ ಕ್ಯಾಪ್ಟನ್‌ಗೆ ಹೇಳಿ ತೆಗೆಸಿ.

ಬೀಗರು ಕೂಡಿ ಉಂಡರೆ ಬಿಲ್ಲಿಗಾಗಿ ಎಳೆದಾಟ ಖಂಡಿತ. "ನಾ ಕೊಡ್ತೀನಿ", "ಏ ಬಿಡ್ರಿ ನಿಮ್ಮವ್ವನ ಆಣಿ", ಇಬ್ಬರೂ ನಿಮ್ಮ ಕಡೆಗೆ ದುಡ್ಡು ಚಾಚುತ್ತಾರೆ. ಯಾರಾದರೂ ಮೊದಲೇ ನಿಮ್ಮನ್ನು ಬದಿಗೆ ಕರೆದು ಹೇಳಿದ್ದರೆ ಅವರದ್ದೇ ತೆಗೆದುಕೊಳ್ಳಿ, "ಮೊದಲ ಹೇಳ್ಯಾರ್ರಿ" ಎಂದರೆ ಮತ್ತೊಬ್ಬರ ಮಾನವೂ ಉಳಿಯುತ್ತದೆ. ಯಾರೂ ಹೇಳದಿದ್ದರೆ ಫೋಲ್ಡರ್ ಟೇಬಲ್ಲಿನ ನಡುವೆ ಇಟ್ಟು ಹಿಂದೆ ಸರಿಯಿರಿ. ಫೋನಿನಲ್ಲಿ ಕಟ್ಟಿದರೆ ಮಷಿನ್ನಿನ ದನಿ ಗದ್ದಲದಲ್ಲಿ ಕೇಳದು, ಮೊತ್ತ ಮತ್ತು ಸಮಯ ಸ್ಕ್ರೀನಿನಲ್ಲೇ ನೋಡಿಕೊಳ್ಳಿ.

ನಿಮ್ಮ ಮೈ, ನಿಮ್ಮ ಸಂಬಳ

ಬ್ರೇಕ್ ಶಿಫ್ಟ್ ಎಂದರೆ ಬೆಳಿಗ್ಗೆ 11ರಿಂದ ಮೂರೂವರೆ, ಮತ್ತೆ ಸಂಜೆ ಆರರಿಂದ ರಾತ್ರಿ ಹನ್ನೊಂದೂವರೆ. ನಡುವಿನ ಎರಡೂವರೆ ತಾಸಿನಲ್ಲಿ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಬರುವ ಹುಚ್ಚು ಮಾಡಬೇಡಿ. ರೂಮು ಕೆಲಸದ ಹತ್ತಿರವೇ ಹಿಡಿಯಿರಿ, ಕಾಲು ಗೋಡೆಗೆ ಎತ್ತಿ ಅರ್ಧ ತಾಸು ಮಲಗಿ. ಮೊದಲ ಸಂಬಳದಲ್ಲಿ ಜಾರದ ತಳದ ಒಳ್ಳೆಯ ಶೂ ಕೊಳ್ಳಿ. ಸರ್ವಿಸ್‌ಗೆ ಮೊದಲು ಕೂತು ಉಣ್ಣಿ. ಹಸಿದವನಿಗೆ ಬಡಿಸುವ ತಾಳ್ಮೆ ಇರುವುದಿಲ್ಲ.

ಸೇರುವ ದಿನವೇ ಕೇಳಬೇಕಾದದ್ದು: ಸಂಬಳ ಎಷ್ಟು, ವಾರದ ರಜೆ ಯಾವತ್ತು, ಟಿಪ್ಸ್ ಹೇಗೆ ಹಂಚುತ್ತೀರಿ, ಒಡೆದ ಗ್ಲಾಸಿಗೆ ಹಣ ಹಿಡಿಯುತ್ತೀರಾ, ಇಎಸ್‌ಐ (ನೌಕರರ ಆರೋಗ್ಯ ವಿಮೆ), ಪಿಎಫ್ (ಭವಿಷ್ಯ ನಿಧಿ) ಇದೆಯಾ. ತಿಂಗಳ ವೇತನ 21,000 ರೂಪಾಯಿ ಒಳಗಿದ್ದು ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಜಾಗವಾದರೆ ಇಎಸ್‌ಐ ನಿಮ್ಮ ಹಕ್ಕು. ನಿಮ್ಮ ಪಾಲು ವೇತನದ ಶೇ. 0.75 ಮಾತ್ರ, ಮಾಲೀಕರದ್ದು ಶೇ. 3.25. ಬಿಸಿ ಎಣ್ಣೆ, ಒದ್ದೆ ನೆಲ, ಒಡೆದ ಗಾಜಿನ ನಡುವೆ ದುಡಿಯುವವರಿಗೆ ಇದು ಸಣ್ಣ ಮಾತಲ್ಲ. ಕೇಳಲು ನಾಚಬೇಡಿ.

ರಾತ್ರಿ ಕೊನೆಯ ಅತಿಥಿ ಹೋದ ಮೇಲೆ ಸೈಡ್ ಸ್ಟೇಷನ್ ಮತ್ತೆ ತುಂಬಿಡಿ, ನಾಳೆ ಮಧ್ಯಾಹ್ನದ ಹುಡುಗ ನಿಮ್ಮ ಹೆಸರು ಹಿಡಿದು ಬೈಯದ ಹಾಗೆ. ಆಮೇಲೆ ಕಿಸೆಯ ಸಣ್ಣ ನೋಟ್‌ಬುಕ್ ತೆಗೆದು ಮೂರು ಸಾಲು ಬರೆಯಿರಿ. ನನ್ನದರಲ್ಲಿ ಹೋದ ವಾರ ಬರೆದದ್ದು ಹೀಗಿದೆ: "4ನೇ ಟೇಬಲ್, ಕೇಶ್ವಾಪುರದ ಡಾಕ್ಟರ್, ಸೂಪಿಗೆ ಮೆಣಸು ಬೇಡ. 9ನೇ ಟೇಬಲ್ಲಿನ ಅಜ್ಜಿಗೆ ಎಸಿ ಆಗಲ್ಲ, ಕಿಟಕಿ ಕಡೆ ಕೂರಿಸು. 2ನೇ ಟೇಬಲ್ ಅಲುಗಾಡುತ್ತೆ, ಬಡಿಗೇರರಿಗೆ ಹೇಳಬೇಕು."